ದೂರದ ಪಟ್ಟಿ ನುಣ್ಣಗೆ

ಇಲ್ಫರ್ಡ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಒಬ್ಬರಿದ್ದಾರೆ. ಊರು ದಾವಣಗೆರೆ ಕಡೆ, ಕೆಲಸ ಲಿಫ್ಟ್ ರಿಪೇರಿ. ನಾವೆಲ್ಲ ಅವರನ್ನ ಲಿಫ್ಟ್ ಅಣ್ಣ ಅಂತಲೇ ಕರೆಯೋದು. ಅವರದ್ದು ಗುತ್ತಿಗೆ ಕೆಲಸ. ಕೆಟ್ಟು ನಿಂತ ಲಿಫ್ಟು ಎದ್ದರೆ ಆ ದಿನದ ದುಡ್ಡು ಬಂತು. ಏಳದಿದ್ದರೆ ವ್ಯಾನಿನ ಡೀಸೆಲ್ಲೂ ಪಾರ್ಕಿಂಗ್ ಚಾರ್ಜೂ ಕೈಯಿಂದಲೇ ಹೋಯ್ತು. ಲಿಫ್ಟಿನ ನಿಯಂತ್ರಣ ಪೆಟ್ಟಿಗೆಯೊಳಗೆ ಏನಾಗಿದೆ ಅಂತ ಓದಲು ಅವರ ಹತ್ತಿರ ಇರುವುದು ಒಂದು ಪ್ಯಾನಸೋನಿಕ್ ಟಫ್‌ಬುಕ್ ಸಿಎಫ್-31, ಸೆಕೆಂಡ್ ಹ್ಯಾಂಡ್. ನೋಡಿದರೆ ಹಿಡಿಕೆ ಇರುವ ಕಬ್ಬಿಣದ ಡಬ್ಬಿಯ ಹಾಗಿದೆ, ಮೂರೂಮುಕ್ಕಾಲು ಕಿಲೋ ತೂಕ. ಒಂದು ಸಲ ಮೆಟ್ಟಿಲ ಮೇಲಿಂದ ಉರುಳಿಬಿದ್ದರೂ ಏನೂ ಆಗಲಿಲ್ಲ ಅಂತ ಅವರು ಹೇಳೋದನ್ನ ನಾನು ಕಡಿಮೆ ಅಂದರೂ ಆರು ಸಲ ಕೇಳಿದ್ದೇನೆ.

ಮೆಟ್ಟಿಲಿಗೆ ಜಗ್ಗದ ಯಂತ್ರವನ್ನ ಒಂದು ತಾರೀಖು ಜಗ್ಗಿಸಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಬೇಕಾದವರು ಇನ್ನೊಂದು ವರ್ಷ ಸುರಕ್ಷತಾ ಅಪ್‌ಡೇಟ್ ಪಡೆಯಬಹುದು, ಅಷ್ಟೇ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರ್ ಇರಬೇಕು, ಟಿಪಿಎಂ 2.0 ಇರಬೇಕು. ಅಣ್ಣನ ಯಂತ್ರದ್ದು ಐದನೇ ತಲೆಮಾರು. ಎ-ಲೆವೆಲ್ ಓದುತ್ತಿರುವ ಅವರ ಮಗಳು ಒಂದು ಸಂಜೆ ಫೋನ್ ಹಿಡಿದುಕೊಂಡು ಬಂದಳು. “ಅಂಕಲ್, ಲಿನಕ್ಸ್ ಹಾಕಬಹುದಂತೆ. ಲಿಸ್ಟಲ್ಲಿ ಸಿಎಫ್-31 ಇದೆ, ಎಲ್ಲಾದರ ಮುಂದೂ ವರ್ಕ್ಸ್ ಅಂತಿದೆ. ಹಾಕ್ಬಿಡ್ಲಾ?”

“ತಡಿ, ಒಂದು ವಾರ ತಡಿ” ಅಂದೆ. ಯಾಕೆ ಹಾಗಂದೆ ಅಂತ ಅವಳಿಗೆ ಆವತ್ತು ಸರಿಯಾಗಿ ಹೇಳಲಾಗಲಿಲ್ಲ. ನಿಮ್ಮಲ್ಲೂ ಇಂಥದೇ ಪ್ರಶ್ನೆ ಇಟ್ಟುಕೊಂಡವರು ಇರುತ್ತೀರಿ. ಅಪ್ಪನ ಗ್ಯಾರೇಜಿನ ಲ್ಯಾಪ್‌ಟಾಪು, ಭಾವನ ನೆಟ್‌ವರ್ಕ್ ಕೆಲಸದ ಲ್ಯಾಪ್‌ಟಾಪು, ನಿಮ್ಮದೇ ಒಂದು ಹಳೇ ಡಬ್ಬಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟು: ಹೊಂದಾಣಿಕೆ ಪಟ್ಟಿ ಅನ್ನುವುದೂ ಒಂದು ಬರಹವೇ. ಅದಕ್ಕೊಬ್ಬ ಬರೆದವನಿದ್ದಾನೆ, ಬರೆದ ತಾರೀಖಿದೆ, ಬರೆದವನಿಗೊಂದು ಅಗತ್ಯವಿತ್ತು, ಅವನು ನೋಡದೇ ಬಿಟ್ಟದ್ದೂ ಇದೆ. ಕಥೆ, ಕಾದಂಬರಿಯನ್ನ ನಾವು ಇಷ್ಟೆಲ್ಲ ಕೇಳಿ ಓದುತ್ತೇವೆ. ಪಟ್ಟಿ ಕಂಡ ತಕ್ಷಣ ಮಾತ್ರ ಪಂಚಾಂಗ ಕಂಡವರ ಹಾಗೆ ಕೈಮುಗಿದುಬಿಡುತ್ತೇವೆ. ಜಾತಕ ಕೂಡಿಬಂತು, ಮೂವತ್ತಾರರಲ್ಲಿ ಮೂವತ್ತು ಗುಣ ಬಂತು ಅಂತ ಮದುವೆ ಮಾಡಿ, ಹುಡುಗ ರಾತ್ರಿಪಾಳಿ ಕೆಲಸದವನು ಅನ್ನೋದನ್ನ ಆಮೇಲೆ ಕೇಳಿದ ಹಾಗೆ.

ಮೊದಲು ಹೆಸರಿನ ವಿಷಯ. ಸಿಎಫ್-31 ಅಂತ ಮುಚ್ಚಳದ ಮೇಲಿರುವುದು ಒಂದೇ ಯಂತ್ರದ ಹೆಸರಲ್ಲ. 2010ರಿಂದ 2015ರ ಹೊತ್ತಿಗೆ ಅದೇ ಹೆಸರಲ್ಲಿ ಮಾರ್ಕ್ 1ರಿಂದ ಮಾರ್ಕ್ 5ರ ತನಕ ಬಂದಿವೆ. ಮೊದಲನೆಯದರಲ್ಲಿ ಇಂಟೆಲ್ ಕೋರ್‌ನ ಮೊದಲ ತಲೆಮಾರು, ಮಾರ್ಕ್ 3 ಮತ್ತು 4ರಲ್ಲಿ ಮೂರನೆಯದು, ಮಾರ್ಕ್ 5ರಲ್ಲಿ ನೇರವಾಗಿ ಐದನೆಯದು. ಹೊರಗಿನ ಪೆಟ್ಟಿಗೆ ಒಂದೇ, ಒಳಗಿನ ಸಂಸಾರ ಬೇರೆ. ಇದರಿಂದೇನು ಅಂತೀರಾ? 2025ರಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ತೆಗೆದುಕೊಳ್ಳಿ. ಎವಿಎಕ್ಸ್2 ಅನ್ನುವ ಸೂಚನಾ ಸಮೂಹ ಪ್ರೊಸೆಸರ್‌ನಲ್ಲಿ ಇಲ್ಲದಿದ್ದರೆ ಅದು ನಡೆಯುವುದೇ ಇಲ್ಲ. ಇಂಟೆಲ್‌ನಲ್ಲಿ ಅದು ಬಂದದ್ದು ನಾಲ್ಕನೇ ತಲೆಮಾರಿನಿಂದ. ಅಲ್ಲಿಗೆ ಸಿಎಫ್-31 ಮಾರ್ಕ್ 5 ಪಾಸು, ಮಾರ್ಕ್ 4 ಫೇಲು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಸಾಲು ಇದ್ದರೆ ಆ ಸಾಲು ಸುಳ್ಳೂ ಅಲ್ಲ, ನಿಜವೂ ಅಲ್ಲ. ಡೆಬಿಯನ್‌ಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೆ ಅದೂ 2025ರ ಆಗಸ್ಟ್‌ನಲ್ಲಿ ಬಂದ 13ನೇ ಆವೃತ್ತಿಯಿಂದ 32 ಬಿಟ್‌ನ ಹಳೇ ಪಿಸಿಗಳಿಗೆ ಅನುಸ್ಥಾಪಕ ಕೊಡುವುದನ್ನ ನಿಲ್ಲಿಸಿದೆ. ಟಫ್‌ಬುಕ್ ಸಿಎಫ್-19ರ ಮೊದಲ ಮಾರ್ಕ್ ಇಟ್ಟುಕೊಂಡವರಿಗೆ ಅಲ್ಲಿಗೆ ಬಾಗಿಲು ಹಾಕಿದಂತೆ. ಆಮೇಲಿನ ಮಾರ್ಕುಗಳಿಗೆ ಇನ್ನೂ ತೆರೆದಿದೆ. ಯಂತ್ರವನ್ನ ಬೋರಲು ಹಾಕಿ, ತಳದ ಚೀಟಿಯಲ್ಲಿರುವ ಪೂರ್ತಿ ಮಾಡೆಲ್ ಸಂಖ್ಯೆಯನ್ನ ಕೊನೆಯ ಅಕ್ಷರದ ತನಕ ಬರೆದುಕೊಂಡ ಮೇಲೇ ಯಾವ ಪಟ್ಟಿಯನ್ನಾದರೂ ತೆಗೆಯಿರಿ.

ಕರ್ನಲ್‌ಗಂತೂ ಮುಚ್ಚಳದ ಮೇಲಿನ ಹೆಸರಿನ ಮೇಲೆ ಅಷ್ಟೇನೂ ಗೌರವವಿಲ್ಲ. ಒಂದು ತಮಾಷೆ ಹೇಳುತ್ತೇನೆ. ಲಿನಕ್ಸ್ ಕರ್ನಲ್ ಒಳಗೆ ಲೈಫ್‌ಬುಕ್ ಅಂತ ಒಂದು ಡ್ರೈವರ್ ಇದೆ. ಫುಜಿತ್ಸು ಕಂಪನಿಯ ಲೈಫ್‌ಬುಕ್ ಲ್ಯಾಪ್‌ಟಾಪಿನ ಟಚ್‌ಸ್ಕ್ರೀನಿಗಾಗಿ ಬರೆದದ್ದು, ಹಾಗಾಗಿ ಆ ಹೆಸರು. ಇಟ್ಟಿರುವುದು ಮೌಸ್‌ಗಳ ಕಪಾಟಿನಲ್ಲಿ. ಅದನ್ನ ಬಿಚ್ಚಿ ನೋಡಿದರೆ ಅದು ಗುರುತಿಸುವ ಯಂತ್ರಗಳ ನಡುವೆ ಪ್ಯಾನಸೋನಿಕ್ ಸಿಎಫ್-18, ಸಿಎಫ್-28, ಸಿಎಫ್-29 ಕೂತಿವೆ. ಒಬ್ಬರ ಮನೆಯಲ್ಲಿ ಇನ್ನೊಬ್ಬರ ಮಕ್ಕಳು. ಟಫ್‌ಬುಕ್ ಟಚ್ ಡ್ರೈವರ್ ಅಂತ ಹೆಸರು ಹಿಡಿದು ಹುಡುಕಿದವನಿಗೆ ಇದು ಸಿಗುತ್ತಿರಲಿಲ್ಲ. ಪ್ಯಾನಸೋನಿಕ್ ಹೆಸರಿನದೇ ಇನ್ನೊಂದು ಡ್ರೈವರ್ ಬೇರೆ ಇದೆ. ಅದು ಹಾಟ್‌ಕೀ, ಪರದೆಯ ಬೆಳಕು ಇಂಥವನ್ನ ನೋಡಿಕೊಳ್ಳುತ್ತದೆ, ಟಚ್ ಅದರ ಉಸಾಬರಿಯಲ್ಲ.

ಹಾಗಾದರೆ ಹುಡುಕಬೇಕಾದ್ದು ಯಾವುದನ್ನ? ನಂಬರನ್ನ. ಒಳಗಿನ ಪ್ರತಿ ಭಾಗಕ್ಕೂ ಎರಡು ಸಂಖ್ಯೆ ಇರುತ್ತೆ: ಒಂದು ಮಾಡಿದವರದ್ದು, ಇನ್ನೊಂದು ಆ ಭಾಗದ್ದು. ಇಂಟೆಲ್‌ನದು 8086, ತನ್ನ ಹಳೇ ಪ್ರಸಿದ್ಧ ಚಿಪ್ಪಿನ ಹೆಸರನ್ನೇ ಗುರುತಾಗಿ ಇಟ್ಟುಕೊಂಡಿದೆ. ಯುಎಸ್‌ಬಿಯಲ್ಲಿ ಸಿಯೆರಾ ವೈರ್‌ಲೆಸ್ ಮೋಡೆಮ್‌ಗಳದ್ದು 1199, ಜಿಪಿಎಸ್ ಮಾಡುವ ಯು-ಬ್ಲಾಕ್ಸ್‌ನದು 1546. ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಅನ್ನುವ ಆದೇಶಕ್ಕೆ ಒಂದು ಅಡ್ಡಗೆರೆ ಹಾಕಿ ಎನ್, ಎನ್, ಕೆ ಸೇರಿಸಿದರೆ ಈ ಸಂಖ್ಯೆಗಳ ಜೊತೆಗೆ ಯಾವ ಡ್ರೈವರ್ ಆ ಭಾಗವನ್ನ ಹಿಡಿದುಕೊಂಡಿದೆ ಅನ್ನೋದೂ ಬರುತ್ತದೆ. ಯುಎಸ್‌ಬಿ ಸಾಧನಗಳಿಗೆ ಎಲ್‌ಎಸ್‌ಯುಎಸ್‌ಬಿ. ವಿಂಡೋಸ್‌ನಲ್ಲೇ ಇರುವವರು ಡಿವೈಸ್ ಮ್ಯಾನೇಜರ್‌ನಲ್ಲಿ ಹಾರ್ಡ್‌ವೇರ್ ಐಡಿ ಅಂತ ನೋಡಿದರೆ ಅದೇ ಸಂಖ್ಯೆಗಳು ಕಾಣುತ್ತವೆ. ಹೊಸದೇನೂ ಹಾಕುವ ಮುಂಚೆಯೇ ಅರ್ಧ ಕೆಲಸ ಮುಗಿಯಿತು.

ಈ ಇಲ್ಫರ್ಡ್‌ಗೂ ಗಟ್ಟಿ ಎಲೆಕ್ಟ್ರಿಕ್ ಸಾಮಾನಿಗೂ ಹಳೇ ನಂಟಿದೆ, ಗೊತ್ತಾ? ಇಲ್ಲಿನ ವಿಕರೇಜ್ ಲೇನ್‌ನಲ್ಲಿ ಪ್ಲೆಸ್ಸಿ ಕಂಪನಿಯ ಕಾರ್ಖಾನೆ ಇತ್ತು. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳಲು ಶುರುವಾದ ಮೇಲೆ, ರೈಲು ಇನ್ನೂ ಓಡಿರದ ಸೆಂಟ್ರಲ್ ಲೈನಿನ ಹೊಸ ಸುರಂಗಗಳೊಳಗೆ, ಲೇಟನ್‌ಸ್ಟೋನ್‌ನಿಂದ ಗ್ಯಾಂಟ್ಸ್ ಹಿಲ್ ತನಕ, ಪ್ಲೆಸ್ಸಿ ತನ್ನ ಕೆಲಸ ನಡೆಸಿತು. ಹೋಗುವ ಸುರಂಗ, ಬರುವ ಸುರಂಗ ಸೇರಿ ಸುಮಾರು ಐದು ಮೈಲಿ ಉದ್ದದ ಕಾರ್ಖಾನೆ. ಸುಮಾರು 2000 ಜನ, ಹೆಚ್ಚಿನವರು ಹೆಂಗಸರು, ವಿಮಾನಗಳಿಗೆ ಬೇಕಾದ ವಿದ್ಯುತ್ ಭಾಗಗಳನ್ನ ಅಲ್ಲಿ ಮಾಡಿದರು. ತಾವು ಮಾಡಿದ್ದು ಯಾವ ವಿಮಾನದ ಯಾವ ಮೂಲೆ ಸೇರುತ್ತದೆ ಅಂತ ನೋಡುವ ಅವಕಾಶ ಅವರಲ್ಲಿ ಹೆಚ್ಚಿನವರಿಗೆ ಇದ್ದಿರಲಾರದು. ಕೈಯಲ್ಲಿದ್ದದ್ದು ಅಳತೆ ಮಾತ್ರ. ಗ್ಯಾಂಟ್ಸ್ ಹಿಲ್ ಸ್ಟೇಷನ್ನಿನಲ್ಲಿ ರೈಲು ಕಾಯುವಾಗ ನನಗೆ ಇದು ಆಗಾಗ ನೆನಪಾಗುತ್ತೆ. ಭಾಗದ ಮೇಲಿನ ನಂಬರ್ರೂ ಒಂದು ಅಳತೆಯೇ ಅಲ್ವಾ.

ಇನ್ನು ಪಟ್ಟಿಗಳಿಗೆ ಬರೋಣ. ಎಲ್ಲವೂ ಒಂದೇ ಜಾತಿಯವಲ್ಲ.

ತಯಾರಕರ ಕರಪತ್ರ ಎಲ್ಲಕ್ಕಿಂತ ಮಿಂಚುವ ಕಾಗದ. ಅದರಲ್ಲಿ ಎದ್ದು ಕಾಣುವುದು ಎಂಐಎಲ್-ಎಸ್‌ಟಿಡಿ-810 ಅನ್ನುವ ಮೊಹರು. ಇದು ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವಿಧಾನಗಳ ಪುಸ್ತಕ. 2008ರದ್ದು ಜಿ, 2019ರದ್ದು ಎಚ್. ಪಾಸು-ಫೇಲಿನ ಒಂದೇ ಪರೀಕ್ಷೆ ಅಂತ ತಿಳಿದುಕೊಂಡವರೇ ಜಾಸ್ತಿ. ಯಾವ ವಿಧಾನ, ಎಷ್ಟು ಎತ್ತರ, ಎಷ್ಟು ಶಾಖ ಅನ್ನುವುದನ್ನ ಉತ್ಪನ್ನಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು ಅಂತ ಆ ಪುಸ್ತಕವೇ ಹೇಳುತ್ತದೆ. ಬೀಳಿಸುವ ಪರೀಕ್ಷೆ ನೋಡಿ: ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ, ಒಟ್ಟು 26 ಸಲ ಬೀಳಿಸಬೇಕು. ಆದರೆ ಆ 26ನ್ನ ಐದು ಯಂತ್ರಗಳ ತನಕ ಹಂಚಿಕೊಳ್ಳಬಹುದು! ಅಂದರೆ ಒಂದೊಂದು ಯಂತ್ರ ಐದಾರು ಸಲ ಬಿದ್ದರೂ ಮೊಹರು ಬರುತ್ತೆ. ಇದು ಮೋಸ ಅಂತ ನಾನು ಹೇಳುತ್ತಿಲ್ಲ, ನಿಯಮ ಇರುವುದೇ ಹಾಗೆ. ಐಪಿ65 ಅನ್ನುವುದು ಇದಕ್ಕಿಂತ ನೇರ: ಆರು ಅಂದರೆ ದೂಳು ಒಳಗೆ ಹೋಗದು, ಐದು ಅಂದರೆ ನೀರಿನ ಪಿಚಕಾರಿ ತಡೆದೀತು. ಇವೆರಡರಲ್ಲಿ ಯಾವುದೂ ಲಿನಕ್ಸ್ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಆದರೆ “ಗಟ್ಟಿ ಯಂತ್ರ, ಏನು ಹಾಕಿದರೂ ನಡೆಯುತ್ತೆ” ಅಂತ ಅಂಗಡಿಯವನು ಹೇಳುವಾಗ ಗಟ್ಟಿತನದ ಮೊಹರು ಹೊಂದಾಣಿಕೆಯ ಮೊಹರಾಗಿ ಸದ್ದಿಲ್ಲದೆ ಬದಲಾಗಿರುತ್ತದೆ. ನನಗಂತೂ ಈ ಜಾಗದಲ್ಲೇ ಸಿಟ್ಟು ಬರುವುದು.

ಎರಡನೆಯದು ಪ್ರಮಾಣಪತ್ರ. ಉಬುಂಟು ಮಾಡುವ ಕೆನೊನಿಕಲ್ ಕಂಪನಿ ತನ್ನ ಪ್ರಯೋಗಾಲಯದಲ್ಲಿ ಯಂತ್ರಗಳನ್ನ ಪರೀಕ್ಷೆ ಮಾಡಿ ಪಟ್ಟಿ ಹಾಕುತ್ತದೆ. ಒಳ್ಳೇ ಕೆಲಸ. ಯಾವ ಆವೃತ್ತಿ, ಯಾವ ಭಾಗಗಳು ಅಂತ ಬಿಡಿಸಿ ಬರೆಯುತ್ತಾರೆ. ಆದರೆ ಕೆಳಗಿನ ಸಣ್ಣಕ್ಷರ ಓದಿ. ಕೆಲವು ಯಂತ್ರಗಳ ಪುಟದಲ್ಲಿ, ಇದು ಕಾರ್ಖಾನೆಯಲ್ಲೇ ಹಾಕಿ ಕೊಡುವ ವಿಶೇಷ ಉಬುಂಟು, ನೀವು ಇಳಿಸಿಕೊಳ್ಳುವ ಮಾಮೂಲಿ ಉಬುಂಟು ಚೆನ್ನಾಗಿ ನಡೆಯದೇ ಇರಬಹುದು, ನಡೆಯದೆಯೂ ಇರಬಹುದು ಅನ್ನುವ ಅರ್ಥದ ಮಾತಿರುತ್ತದೆ. ಪ್ರಮಾಣಪತ್ರ ಸಿಕ್ಕಿದ್ದು ಹೊಸ ಯಂತ್ರಕ್ಕೆ, ಅದರ ಜೊತೆಯ ಉಬುಂಟುವಿಗೆ. ನೀವು ಕೊಳ್ಳುತ್ತಿರುವುದು ಯಾವುದೋ ಕಂಪನಿ ಐದು ವರ್ಷ ಬಳಸಿ ಬಿಸಾಕಿದ, ಡಿಸ್ಕ್ ಕಿತ್ತಿಟ್ಟ ಯಂತ್ರವನ್ನ. ಆ ಸರ್ಟಿಫಿಕೇಟು ಮದುವೆಗೆ ಮುಂಚಿನ ಫೋಟೋ ಇದ್ದ ಹಾಗೆ.

ಮೂರನೆಯದು ಬಳಕೆದಾರರ ಯಂತ್ರಗಳಿಂದಲೇ ಒಟ್ಟುಗೂಡುವ ದತ್ತಸಂಚಯ. ಲಿನಕ್ಸ್-ಹಾರ್ಡ್‌ವೇರ್ ಅನ್ನುವುದು ಅಂಥದು. ಎಚ್‌ಡಬ್ಲ್ಯೂ-ಪ್ರೋಬ್ ಅನ್ನುವ ಸಣ್ಣ ತಂತ್ರಾಂಶ ಓಡಿಸಿದರೆ ನಿಮ್ಮ ಯಂತ್ರದ ಭಾಗಗಳ ವಿವರ ಅಲ್ಲಿ ಸೇರುತ್ತದೆ. ಹುಡುಗಿ ನೋಡಿದ ‘ವರ್ಕ್ಸ್’ ಅಲ್ಲಿಂದಲೇ ಬಂದಿತ್ತು. ಇದರ ದೊಡ್ಡ ಗುಣ ಅಂದರೆ ಹೆಸರಿಗಿಂತ ನಂಬರಿಗೆ ಬೆಲೆ ಕೊಡುತ್ತದೆ; ನಿಮ್ಮ ಮಾಡೆಲ್ ಯಾರೂ ಹಾಕಿರದಿದ್ದರೂ ನಿಮ್ಮ ವೈಫೈ ಕಾರ್ಡಿನ ನಂಬರ್ ಬೇರೊಂದು ಯಂತ್ರದಲ್ಲಿ ಸಿಕ್ಕೀತು. ಕೊರತೆಯೂ ಅಲ್ಲೇ ಇದೆ. ಸ್ಥಿತಿಯನ್ನ ಬಹುಮಟ್ಟಿಗೆ ತೀರ್ಮಾನಿಸುವುದು ಯಂತ್ರವೇ: ಡ್ರೈವರ್ ಕೂತಿದೆಯಾ, ಲಾಗ್‌ನಲ್ಲಿ ತಪ್ಪು ಕಾಣುತ್ತಿದೆಯಾ. ಟಚ್‌ಸ್ಕ್ರೀನಿಗೆ ಡ್ರೈವರ್ ಕೂತಿದ್ದರೆ ಸಾಕು, ಬೆರಳಿಟ್ಟ ಜಾಗಕ್ಕೂ ಬಾಣ ಹೋದ ಜಾಗಕ್ಕೂ ಎರಡು ಇಂಚು ಅಂತರ ಇದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಮಗು ಶಾಲೆಯಲ್ಲಿ ಹಾಜರಿದೆ ಅನ್ನುವುದಕ್ಕೂ ಪಾಠ ಕಲಿತಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಇದು.

ನನಗೆ ಹಿಡಿಸುವುದು ಆರ್ಚ್ ಲಿನಕ್ಸ್ ವಿಕಿಯ ಲ್ಯಾಪ್‌ಟಾಪ್ ಪುಟಗಳ ರೀತಿ. ಭಾಗ, ಅದರ ನಂಬರು, ನಡೆಯುತ್ತಾ ಇಲ್ಲವಾ ಅನ್ನುವ ಕೋಷ್ಟಕ. ಅದರ ಕೆಳಗೆ ಒಬ್ಬ ಮನುಷ್ಯ ಕೂತು ಬರೆದ ಟಿಪ್ಪಣಿ. ಇಂಥ ಗುಂಡಿ ಒತ್ತಿದರೆ ಏನೂ ಆಗಲ್ಲ, ಇದಕ್ಕೆ ಹೀಗೆ ಮಾಡಿದೆ ಅಂತ. ಎಲ್ಲ ಪುಟವೂ ಚೆನ್ನಾಗಿರುವುದಿಲ್ಲ, ಕೆಲವು ವರ್ಷಗಟ್ಟಲೆ ಹಳತಾಗಿ ಬಿದ್ದಿರುತ್ತವೆ, ಎಲ್ಲ ಯಂತ್ರಕ್ಕೂ ಪುಟವಿಲ್ಲ. ಆದರೂ ಒಬ್ಬ ಒಂದು ಸಂಜೆ ನಿಜವಾಗಿ ಕೂತು ಒದ್ದಾಡಿದ್ದಾನೆ ಅನ್ನೋದು ಕಾಣುತ್ತೆ. ‘ನಡೆಯುವುದಿಲ್ಲ’ ಅಂತ ಬರೆದದ್ದನ್ನೂ ತಾರೀಖು ನೋಡಿಯೇ ನಂಬಬೇಕು. ಇಂಟೆಲ್‌ನ ಎಎಕ್ಸ್210 ವೈಫೈ ಕಾರ್ಡಿಗೆ ಬೆಂಬಲ ಬಂದದ್ದು ಕರ್ನಲ್ 5.10ರಲ್ಲಿ. ಅದಕ್ಕೂ ಹಳೇ ಕರ್ನಲ್ ಇಟ್ಟುಕೊಂಡು ಬರೆದವನ ಪಾಲಿಗೆ ಆ ಕಾರ್ಡು ನಡೆಯಲಿಲ್ಲ, ಅದೂ ನಿಜವೇ. ಡೆಬಿಯನ್ ಬಗ್ಗೆ ಹಳಬರು ಹೇಳುವ “ವೈಫೈಗೆ ಫರ್ಮ್‌ವೇರ್ ಬೇರೆ ತಂದು ಹಾಕಬೇಕು” ಅನ್ನುವ ಮಾತೂ ಹಾಗೇ. 2022ರಲ್ಲಿ ಡೆಬಿಯನ್‌ನವರು ಮತ ಹಾಕಿ ನೀತಿ ಬದಲಿಸಿದರು. 2023ರ ಜೂನ್‌ನಲ್ಲಿ ಬಂದ 12ನೇ ಆವೃತ್ತಿಯಿಂದ ಮುಕ್ತವಲ್ಲದ ಫರ್ಮ್‌ವೇರ್ ಕೂಡ ಅನುಸ್ಥಾಪಕದಲ್ಲೇ ಬರುತ್ತದೆ.

ಕಾರ್ಡಿನ ಮಾತು ಬಂತಲ್ಲ, ಭಾಗ ಬದಲಿಸಲು ಹೊರಟವರಿಗೆ ಒಂದು ಎಚ್ಚರಿಕೆ. ಎಎಕ್ಸ್200, ಎಎಕ್ಸ್201, ಎಎಕ್ಸ್210 ಅಂತ ಅಂಗಡಿಯಲ್ಲಿ ಅಣ್ಣತಮ್ಮಂದಿರ ಹಾಗೆ ಸಾಲಾಗಿ ಇರುತ್ತವೆ. ನಡುವಿನದು ಬೇರೆ ಜಾತಿ. ಅದರ ಅರ್ಧ ಕೆಲಸ ಇಂಟೆಲ್‌ನ ಹೊಸ ಚಿಪ್‌ಸೆಟ್ ಒಳಗೇ ಇರುವುದರಿಂದ ಅಂಥ ಚಿಪ್‌ಸೆಟ್ ಇಲ್ಲದ ಹಳೇ ಯಂತ್ರದಲ್ಲಿ ಸುಮ್ಮನೆ ಕೂರುತ್ತದೆ, ಲಿನಕ್ಸ್ ಆದರೂ ಅಷ್ಟೇ, ವಿಂಡೋಸ್ ಆದರೂ ಅಷ್ಟೇ. ಉಳಿದೆರಡು ಮಾಮೂಲಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡುಗಳು. ಅದಕ್ಕಿಂತ ಹಳೇ ಲ್ಯಾಪ್‌ಟಾಪುಗಳಲ್ಲಿ ಸ್ಲಾಟ್ ಇರುವುದೇ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಆಕಾರದ್ದು. ಅಲ್ಲಿ ಮೊದಲು ಆಕಾರ ಕೂಡಬೇಕು, ಕರ್ನಲ್ ಆಮೇಲೆ.

ಈಗ ಪಟ್ಟಿ ಬರೆದವರು ಕೇಳದೇ ಬಿಟ್ಟದ್ದು. ಲಿಫ್ಟ್ ಅಣ್ಣನನ್ನ ಅಡುಗೆಮನೆ ಮೇಜಿನ ಮುಂದೆ ಕೂರಿಸಿಕೊಂಡು, ದಿನಕ್ಕೆ ಈ ಯಂತ್ರದಲ್ಲಿ ಏನೇನು ಮುಟ್ಟುತ್ತೀರಿ ಹೇಳಿ ಅಂದೆ. ಕ್ಯಾಮೆರಾ? ಇಲ್ಲ. ಬ್ಲೂಟೂತ್? ಇಲ್ಲ. ಸ್ಪೀಕರ್ರು? “ಅದ್ರಲ್ಲಿ ಹಾಡು ಕೇಳ್ತಾರೇನ್ರಿ!” ಪಟ್ಟಿಯ ಅರ್ಧ ಸಾಲು ಅಲ್ಲೇ ಉದುರಿಹೋಯ್ತು. ಅವರಿಗೆ ಬೇಕಾದ್ದು ಹಿಂದಿನ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. ಆ ಪೋರ್ಟಿಗಾಗಿಯೇ ಅವರು ಈ ಯಂತ್ರವನ್ನ ಬಿಡುತ್ತಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ವೈರು ವ್ಯಾನಿನಲ್ಲಿ ಎಷ್ಟು ಸಲ ಕಳೆದಿದೆಯೋ. ಆಮೇಲೆ ಬಿಸಿಲಲ್ಲೂ ಓದಲಾಗುವ ಪರದೆ. ಗ್ಲೌಸ್ ಹಾಕಿದ ಬೆರಳಿಗೆ ಸ್ಪಂದಿಸುವ ಟಚ್. ಮುಚ್ಚಳ ಮುಚ್ಚಿದರೆ ಮಲಗಬೇಕು, ತೆಗೆದರೆ ಏಳಬೇಕು, ನಡುವೆ ಬ್ಯಾಟರಿ ತಿನ್ನಬಾರದು. ನೆಲಮಾಳಿಗೆಯಿಂದ ಹೊರಗೆ ಬಂದ ಮೇಲೆ ಆಫೀಸಿಗೆ ರಿಪೋರ್ಟ್ ಕಳಿಸಲು ಮೋಡೆಮ್.

ಮೋಡೆಮ್ ವಿಷಯದಲ್ಲಿ ಲಿನಕ್ಸ್ ಪಟ್ಟಿಯನ್ನ ನೋಡುವುದೇ ಎರಡನೇ ಕೆಲಸ. ಹಳೇ ಟಫ್‌ಬುಕ್‌ಗಳಲ್ಲಿ ಮೂರನೇ ಪೀಳಿಗೆಯ ಮೋಡೆಮ್ ಇರುತ್ತಿತ್ತು. ಬ್ರಿಟನ್‌ನ ಮೊಬೈಲ್ ಕಂಪನಿಗಳು 2024ರಿಂದೀಚೆಗೆ ತಮ್ಮ ಮೂರನೇ ಪೀಳಿಗೆಯ ಜಾಲವನ್ನ ಒಂದೊಂದಾಗಿ ಮುಚ್ಚುತ್ತ ಬಂದಿವೆ. ಡ್ರೈವರ್ ಬಂತು, ಫರ್ಮ್‌ವೇರ್ ಬಂತು, ಮಾತಾಡಲು ಆ ಕಡೆ ಯಾರೂ ಇಲ್ಲ. ನಾಲ್ಕನೇ ಪೀಳಿಗೆಯ ಮೋಡೆಮ್ ಇದ್ದರೂ ಇನ್ನೊಂದು ಗಂಟು ಇದೆ: ಲ್ಯಾಪ್‌ಟಾಪ್ ಜೊತೆಗೆ ಬರುವ ಕೆಲವು ಮೋಡೆಮ್‌ಗಳಿಗೆ ಅಮೆರಿಕದ ದೂರಸಂಪರ್ಕ ಆಯೋಗದ ನಿಯಮಕ್ಕಾಗಿ ಒಂದು ಬೀಗ ಹಾಕಿರುತ್ತಾರೆ. ಇಲ್ಫರ್ಡ್‌ನಲ್ಲಿ ಕೂತರೂ ಆ ಬೀಗ ಬೀಗವೇ. ಮೋಡೆಮ್‌ಮ್ಯಾನೇಜರ್ 1.18.4ರಿಂದ ಲಿನಕ್ಸ್ ಅದನ್ನ ತಾನಾಗಿ ತೆಗೆಯುವುದಿಲ್ಲ. ಬಳಕೆದಾರನೇ ಒಂದು ಕಡತವನ್ನ ಸರಿಯಾದ ಜಾಗಕ್ಕೆ ಜೋಡಿಸಬೇಕು. ‘ಪತ್ತೆಯಾಗಿದೆ’ ಅಂತ ಪಟ್ಟಿ ಹೇಳಿ, ವ್ಯಾನಿನಲ್ಲಿ ಸಿಗ್ನಲ್ಲೇ ಬರದಿದ್ದರೆ ಮೊದಲು ಇಲ್ಲಿ ನೋಡಿ. ಅಣ್ಣ ಮಾತ್ರ ಈ ಚರ್ಚೆಯನ್ನ ಅರ್ಧದಲ್ಲೇ ಕತ್ತರಿಸಿದರು. “ಫೋನಿಂದ ಹಾಟ್‌ಸ್ಪಾಟ್ ಹಾಕ್ತೀನಿ ಬಿಡಿ ಸಾರ್.” ಅಲ್ಲಿಗೆ ಇನ್ನೊಂದು ಸಾಲು ಉದುರಿತು.

ನಿದ್ದೆಯ ವಿಷಯದಲ್ಲಿ ಹಳೇದೇ ವಾಸಿ. ಹಳೇ ಯಂತ್ರಗಳು ಎಸ್3 ಅನ್ನುವ ಗಾಢ ನಿದ್ದೆಗೆ ಹೋಗುತ್ತವೆ. ಇಂಟೆಲ್‌ನ ಹನ್ನೊಂದನೇ ತಲೆಮಾರಿನ ಆಸುಪಾಸಿನಿಂದ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ಅದನ್ನ ತೆಗೆದು, ಅರೆಎಚ್ಚರದ ನಿದ್ದೆ ಕೊಟ್ಟಿದ್ದಾರೆ. ಯಾವುದೋ ಒಂದು ಭಾಗ ಸರಿಯಾಗಿ ಮಲಗದಿದ್ದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ. ಹೊಸ ಟಫ್‌ಬುಕ್ ಕೊಳ್ಳುವವರು ಇದನ್ನ ಕೊಳ್ಳುವ ಮುಂಚೆ ನೋಡಬೇಕು.

ನೋಡುವುದು ಹೇಗೆ? ಯುಎಸ್‌ಬಿ ಕಡ್ಡಿಯಲ್ಲಿ ಲೈವ್ ಲಿನಕ್ಸ್ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಬೂಟ್ ಮಾಡಿ. ಯಂತ್ರದ ಡಿಸ್ಕನ್ನ ಮುಟ್ಟುವುದೇ ಇಲ್ಲ ಅಂತ ಅಂಗಡಿಯವನಿಗೆ ಹೇಳಿ. ಒಪ್ಪದಿದ್ದರೆ ಅದೂ ಒಂದು ಉತ್ತರವೇ. ಕೆಲವು ಹಳೇ ಆಫೀಸ್ ಯಂತ್ರಗಳಲ್ಲಿ ಬಯಾಸ್ ಪಾಸ್‌ವರ್ಡ್ ಉಳಿದುಬಿಟ್ಟಿರುತ್ತದೆ. ಕಡ್ಡಿಯಿಂದ ಬೂಟ್ ಆಗಲು ಬಿಡುವುದಿಲ್ಲ, ನೀವು ಎಷ್ಟು ಪಟ್ಟಿ ಓದಿದ್ದರೂ ಅಷ್ಟೇ. ಇನ್ನೊಂದು: ಟಫ್‌ಬುಕ್‌ನ ಡಿಸ್ಕ್ ಒಂದು ಕ್ಯಾಡಿಯೊಳಗೆ ಕೂತಿರುತ್ತದೆ, ಚಳಿಗೆ ಹೀಟರ್ ಬೇರೆ ಇರುತ್ತದೆ ಅದಕ್ಕೆ. ಮಾಹಿತಿ ಹೊರಗೆ ಹೋಗಬಾರದು ಅಂತ ಕಂಪನಿಗಳು ಕ್ಯಾಡಿ ಸಮೇತ ಕಿತ್ತುಕೊಂಡು ಯಂತ್ರ ಮಾರುವುದುಂಟು. ಕ್ಯಾಡಿ ಇಲ್ಲದೆ ಹೊಸ ಡಿಸ್ಕ್ ತಂದು ಏನು ಮಾಡ್ತೀರಿ?

ಅಣ್ಣನ ಯಂತ್ರಕ್ಕೆ ಡೆಬಿಯನ್ 13ರ ಕಡ್ಡಿ ಹಾಕಿದೆವು. ಪರದೆ ಬಂತು, ವೈಫೈ ಬಂತು, ಬೆಳಕಿನ ಗುಂಡಿ ಕೆಲಸ ಮಾಡಿತು. 1024ಕ್ಕೆ 768ರ ಪರದೆಯಲ್ಲಿ ಕೆಲವು ಕಿಟಕಿಗಳ ಕೆಳಗಿನ ಗುಂಡಿ ಆಚೆ ಹೋಗುತ್ತಿದ್ದವು, ಇದನ್ನ ಯಾವ ಪಟ್ಟಿಯೂ ಹೇಳಿರಲಿಲ್ಲ. ಹುಡುಗಿ ತನ್ನದೇ ಒಂದು ಪರೀಕ್ಷೆ ಇಟ್ಟಳು: ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಆರಿಸಿ ‘ಅಪ್ಪ’, ‘ಅರ್ಕಾವತಿ’ ಅಂತ ಬರೆದಳು. ಅಕ್ಷರ ಒಡೆಯಲಿಲ್ಲ. ಆ ಪಟ್ಟಿಯಲ್ಲೊಂದು ಹೆಸರು ಅವಳ ಕಣ್ಣಿಗೆ ಬಿತ್ತು: ಕಗಪ. ಕನ್ನಡದ ಕೆಳಗೆ ಮಾತ್ರವಲ್ಲ, ಹಿಂದಿ ಕಗಪ, ಸಂಸ್ಕೃತ ಕಗಪ, ಮರಾಠಿ ಕಗಪ. “ಅಂಕಲ್, ಏನಿದು ಕಗಪ?” ಕನ್ನಡ ಗಣಕ ಪರಿಷತ್ತು ಅಂದೆ. ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದ ಕೀಲಿಮಣೆ, ನುಡಿ ತಂತ್ರಾಂಶದ ಮೂಲಕ ಮನೆಮಾತಾದದ್ದು. ಲಿನಕ್ಸ್‌ನಲ್ಲಿ ಆ ವಿನ್ಯಾಸದಲ್ಲಿ ಹಿಂದಿ ಬರೆಯುವವರೂ ನಮ್ಮ ಪರಿಷತ್ತಿನ ಹೆಸರನ್ನೇ ಆರಿಸಬೇಕು. ಅಣ್ಣನಿಗೆ ಇದು ಸೀರಿಯಲ್ ಪೋರ್ಟಿಗಿಂತ ಹೆಚ್ಚು ಖುಷಿ ಕೊಟ್ಟಿತು.

ಸೀರಿಯಲ್ ಪೋರ್ಟ್ ಅಂತೂ ಕೈಕೊಟ್ಟಿತು. ತೆರೆಯಲು ಹೋದರೆ ಅನುಮತಿ ಇಲ್ಲ ಅಂತ ಬಂತು. ಪಟ್ಟಿ ‘ನಡೆಯುತ್ತೆ’ ಅಂದದ್ದು ಸುಳ್ಳಾಯ್ತಲ್ಲ ಅಂತ ಹುಡುಗಿ ಮುಖ ಸಣ್ಣದು ಮಾಡಿದಳು. ನಾನೂ ಹತ್ತು ನಿಮಿಷ ಪೋರ್ಟೇ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಹೊಳೆಯಿತು: ಡೆಬಿಯನ್‌ನಲ್ಲಿ ಆ ಪೋರ್ಟು ಡಯಲ್‌ಔಟ್ ಅನ್ನುವ ಗುಂಪಿನ ಆಸ್ತಿ, ನಾವು ಆ ಗುಂಪಿನಲ್ಲಿ ಇರಲಿಲ್ಲ. ಹೆಸರು ಸೇರಿಸಿ, ಹೊರಗೆ ಹೋಗಿ ಮತ್ತೆ ಒಳಗೆ ಬಂದ ಮೇಲೆ ಪೋರ್ಟ್ ತೆರೆಯಿತು. ಇದೇ ಜಾಗದಲ್ಲಿ ಸೋತು ‘ನಡೆಯುವುದಿಲ್ಲ’ ಅಂತ ಬರೆದು ಹೋದವರು ಎಷ್ಟು ಜನರೋ!

ಟಚ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಬೆರಳು ಒಂದು ಕಡೆ, ಬಾಣ ಒಂದು ಕಡೆ. ಹಳೇ ಎಕ್ಸ್ ಕಾಲದ ಸರಿಪಡಿಸುವ ಸಾಧನ ವೇಲ್ಯಾಂಡ್‌ನಲ್ಲಿ ನಡೆಯುವುದಿಲ್ಲ. ಯುಡೆವ್ ನಿಯಮದಲ್ಲಿ ಆರು ಸಂಖ್ಯೆಗಳ ಒಂದು ಸಾಲು ಬರೆದು ಲಿಬ್‌ಇನ್‌ಪುಟ್‌ಗೆ ತಿಳಿಸಬೇಕು. ಅದಕ್ಕೆ ಒಂದು ಭಾನುವಾರ ಹೋಯ್ತು.

ಇಷ್ಟೆಲ್ಲ ಆದ ಮೇಲೆ ಅಣ್ಣ ಒಂದು ಮಾತು ಕೇಳಿದರು, ಅದನ್ನ ನಾನು ಮೊದಲೇ ಕೇಳಬೇಕಿತ್ತು. “ಆ ಒಂದು ಕಂಪನಿ ಲಿಫ್ಟಿಗೆ ಅವರದೇ ಸಾಫ್ಟ್‌ವೇರ್ ಬೇಕಲ್ವಾ ಸಾರ್, ಡಾಂಗಲ್ ಹಾಕಿ ಓಪನ್ ಮಾಡೋದು?” ಬೇರೆ ಪೆಟ್ಟಿಗೆಗಳಿಗೆ ಸಾದಾ ಟರ್ಮಿನಲ್ ಸಾಕು. ಇದೊಂದು ಮಾತ್ರ ವಿಂಡೋಸ್‌ಗೇ ಕಟ್ಟುಬಿದ್ದದ್ದು. ಲಿನಕ್ಸ್‌ನಲ್ಲಿ ವೈನ್ ಇದೆ, ಸೀರಿಯಲ್ ಪೋರ್ಟನ್ನ ಅದು ಕಾಮ್ ಪೋರ್ಟಾಗಿ ತೋರಿಸುತ್ತದೆ, ಕೆಲವು ತಂತ್ರಾಂಶಗಳು ಓಡುತ್ತವೆ. ಆದರೆ ಡಾಂಗಲ್‌ಗೆ ವಿಂಡೋಸ್‌ನ ಕರ್ನಲ್ ಡ್ರೈವರ್ ಬೇಕು. ವೈನ್ ಅದನ್ನ ಕೊಡುವುದಿಲ್ಲ. ಹಾರ್ಡ್‌ವೇರ್ ಪಟ್ಟಿಯಲ್ಲಿ ಪ್ರತಿ ಸಾಲು ಹಸಿರಾಗಿದ್ದರೂ ತಿಂಗಳಿಗೆ ನಾಲ್ಕೈದು ದಿನದ ಸಂಬಳ ಹೋಗುತ್ತಿತ್ತು.

ದಾರಿ ಕೊಟ್ಟದ್ದು ಆ ಡಬ್ಬಿಯೇ. ಕ್ಯಾಡಿ ಎಳೆದು ತೆಗೆಯಬಹುದಲ್ಲ? ಇನ್ನೊಂದು ಹಳೇ ಕ್ಯಾಡಿ ತರಿಸಿ ಅದಕ್ಕೆ ಹೊಸ ಎಸ್‌ಎಸ್‌ಡಿ ಹಾಕಿ ಡೆಬಿಯನ್ ಇಟ್ಟೆವು. ಹಳೇ ಕ್ಯಾಡಿಯಲ್ಲಿ ವಿಂಡೋಸ್ 10 ಹಾಗೇ ಉಳಿಯಿತು. ಅದನ್ನ ಹಾಕಿದಾಗ ವೈಫೈ ಆಫ್, ಇಂಟರ್‌ನೆಟ್ ಕಡೆ ತಲೆ ಹಾಕುವ ಹಾಗಿಲ್ಲ. ಹೊಸ ಯಂತ್ರ ಕೊಳ್ಳುವ ಯೋಚನೆ ಸದ್ಯಕ್ಕೆ ಮುಂದಕ್ಕೆ ಹೋಗಿದೆ.

ಕಳೆದ ವಾರ ಹುಡುಗಿ ಎಚ್‌ಡಬ್ಲ್ಯೂ-ಪ್ರೋಬ್ ಓಡಿಸಿ ಅವರ ಯಂತ್ರದ ವಿವರವನ್ನೂ ಸೇರಿಸಿದಳು. ಜೊತೆಗೆ ತನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ, ಸ್ವಲ್ಪ ತಪ್ಪು ಕಾಗುಣಿತದಲ್ಲಿ, ಒಂದು ಕೋಷ್ಟಕ ಬರೆದುಕೊಂಡಿದ್ದಾಳೆ. ಮಾರ್ಕ್ 5, ಕರ್ನಲ್ 6.12, ತಾರೀಖು. ಸೀರಿಯಲ್: ನಡೆಯುತ್ತೆ, ಡಯಲ್‌ಔಟ್ ಗುಂಪು ಮರೆಯಬೇಡಿ. ಟಚ್: ಸರಿ ಮಾಡಿದ ಮೇಲೆ ನಡೆಯುತ್ತೆ, ಗ್ಲೌಸ್ ಹಾಕಿ ನೋಡಿದೆವು. ಡಾಂಗಲ್: ಇಲ್ಲ. ಮೋಡೆಮ್ ಮುಂದೆ ಮಾತ್ರ, ನೋಡಿಲ್ಲ.